ನಾಲ್ಕನೇ ಮಾತ್ರೆಗೆ ಬಗ್ಗಿದ ಬಿಪಿ

ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ಥಾಲಿಡೋನ್. ಮೂರೂ ಪೂರ್ತಿ ಡೋಸ್‌ನಲ್ಲಿ ನುಂಗುತ್ತಿದ್ದೆ, ಆದರೂ ಬಿಪಿ 165ರ ಕೆಳಗೆ ಇಳಿಯುತ್ತಿರಲಿಲ್ಲ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಕೊನೆಗೆ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಕವರಿನಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿದೆ.

ಮೊದಲು ಮೆಷಿನ್ ಮೇಲೆ ಅನುಮಾನ ಪಟ್ಟೆ. ಎರಡು ವರ್ಷದಲ್ಲಿ ಮೂರು ಕೊಂಡೆ, ದುಡ್ಡು ದಂಡ. ತಪ್ಪಿದ್ದದ್ದು ತೋಳಿಗೆ ಸುತ್ತುವ ಪಟ್ಟಿಯಲ್ಲಿ. ನನ್ನ ತೋಳು ದಪ್ಪ, ಪಟ್ಟಿ ಚಿಕ್ಕದು. ದೊಡ್ಡದು ಸುತ್ತಿದ ದಿನವೇ ಎಂಟು ಹತ್ತು ಕಡಿಮೆ ಬಂತು. ಮಂಡಿನೋವಿಗೆ ತಗೊಳ್ತಿದ್ದ ಡೈಕ್ಲೋಫೆನಾಕ್ ಬಿಟ್ಟೆ, ಇನ್ನಷ್ಟು ಇಳಿಯಿತು. ನೀರಲ್ಲಿ ನೊರೆಯೆದ್ದು ಕರಗುವ ವಿಟಮಿನ್ ಮಾತ್ರೆಯಲ್ಲೂ ಸೋಡಿಯಂ ಇರುತ್ತದೆ, ಅದನ್ನೂ ಬಿಟ್ಟೆ. ಒಂದು ತಿಂಗಳು ಮಾತ್ರೆಗಳನ್ನು ರಾತ್ರಿಗೆ ಬದಲಾಯಿಸಿ ನೋಡಿದೆ, ಏನೂ ಆಗಲಿಲ್ಲ. ಇಷ್ಟೆಲ್ಲ ಆದ ಮೇಲೂ 150ರ ಆಸುಪಾಸು.

ದಾರಿ ಸಿಕ್ಕಿದ್ದು ಹಳೇ ರಿಪೋರ್ಟ್‌ಗಳಲ್ಲಿ. ಐದು ವರ್ಷದ್ದನ್ನೆಲ್ಲ ನೆಲದ ಮೇಲೆ ಹರಡಿ, ಪೊಟ್ಯಾಸಿಯಂ ಒಂದನ್ನೇ ಸಾಲಾಗಿ ಬರೆದೆ. 3.3, 3.1, 3.2. ಕ್ಲೋರ್ಥಾಲಿಡೋನ್ ಮೂತ್ರ ಹೆಚ್ಚಿಸಿ ಪೊಟ್ಯಾಸಿಯಂ ಇಳಿಸುವ ಮಾತ್ರೆ, ಆದರೆ ಇದು ಅದು ಶುರುವಾಗುವ ಮೊದಲೇ ಕಡಿಮೆ! ಒಂದರ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ "ಹಣ್ಣು ಜಾಸ್ತಿ ತಿನ್ನಿ" ಅಂತ ಬರೆದಿತ್ತು, ಅಷ್ಟೇ.

ಅಲ್ಡೋಸ್ಟೆರೋನ್ ಅನ್ನೋ ಹಾರ್ಮೋನು ಜಾಸ್ತಿಯಾದರೆ ದೇಹ ಉಪ್ಪು ಹಿಡಿದಿಟ್ಟು ಪೊಟ್ಯಾಸಿಯಂ ಕಳೆಯುತ್ತದೆ, ಬಿಪಿ ಏರುತ್ತದೆ. ಅದನ್ನೂ, ಅದಕ್ಕೆ ಚಾಲನೆ ಕೊಡುವ ರೆನಿನ್ ಅನ್ನೂ ರಕ್ತದಲ್ಲಿ ನೋಡೋಣ ಅಂದೆ. "ಸುಮ್ನೆ ಖರ್ಚು" ಅಂದರು ವೈದ್ಯರು. ಖರ್ಚು ಹೌದು, ಮೂರು ಮೆಷಿನ್‌ಗೆ ಸುರಿದದ್ದಕ್ಕಿಂತ ಜಾಸ್ತಿಯೇ ಆಯಿತು. ಆದರೆ ರೆನಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಲ್ಡೋಸ್ಟೆರೋನ್ ಮಾತ್ರ ಮೇಲೆ. ನನ್ನ ಲೆಕ್ಕ ಸರಿಯಾಗಿತ್ತು! ಪರೀಕ್ಷೆಗೆ ಮುಂಚೆ ವೈದ್ಯರು ಯಾವ ಮಾತ್ರೆ ಬದಲಾಯಿಸಿದರು, ಎಷ್ಟು ದಿನ ಅನ್ನುವುದನ್ನು ಬೇಕಂತಲೇ ಬರೆಯುತ್ತಿಲ್ಲ. ಅದನ್ನು ನೋಡಿ ಯಾರಾದರೂ ತಾವಾಗೇ ನಿಲ್ಲಿಸಿಬಿಟ್ಟರೆ ಕಷ್ಟ, ಅಲ್ವಾ?

ಆ ಹಾರ್ಮೋನು ತಯಾರಾಗುವುದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ, ಸ್ಕ್ಯಾನ್‌ನಲ್ಲಿ ಅಲ್ಲಿ ಗಡ್ಡೆ ಕಾಣಲಿಲ್ಲ. ಆಪರೇಷನ್ ಬೇಡ, ಮಾತ್ರೆ ಸಾಕು ಅಂದೆ. ಅಲ್ಡೋಸ್ಟೆರೋನ್ ಕೆಲಸವನ್ನು ತಡೆಯುವ ಸ್ಪೈರೋನೋಲ್ಯಾಕ್ಟೋನ್ 25 ಮಿ.ಗ್ರಾಂ ಶುರುವಾಯಿತು. ಹಳೇ ಮಾತ್ರೆ, ಅಗ್ಗದ್ದು. ನಾಲ್ಕನೇ ಮಾತ್ರೆಯಾಗಿ ಇದೇ ಮೇಲು ಅಂತ 2015ರಲ್ಲೇ ಪಾಥ್‌ವೇ-2 ಅಧ್ಯಯನ ತೋರಿಸಿತ್ತು. ಪೊಟ್ಯಾಸಿಯಂ ಏರಿಬಿಡಬಹುದು ಅಂತ ಮೊದಲ ವಾರವೇ ರಕ್ತ ಕೊಟ್ಟೆ, ತಿಂಗಳಿಗೆ ಮತ್ತೆ ಕೊಟ್ಟೆ. 4.4ಕ್ಕೆ ನಿಂತಿತು. ಆರೇಳು ವಾರಕ್ಕೆ ಬಿಪಿ 128/80.

ಅದರ ಡೋಸ್ 50ಕ್ಕೆ ಏರಿಸಿದಾಗ ಮೊಲೆತೊಟ್ಟಿನ ಸುತ್ತ ಅಂಗಿ ತಾಗಿದರೂ ನೋಯುತ್ತಿತ್ತು. ಮತ್ತೆ 25ಕ್ಕೆ ಬಂದೆ. ಅದೇ ಬಗೆಯ ಇನ್ನೊಂದು ಮಾತ್ರೆ ಎಪ್ಲೆರಿನೋನ್‌ನಲ್ಲಿ ಆ ಕಾಟ ಕಡಿಮೆಯಂತೆ, ಬೆಲೆ ಮಾತ್ರ ಜಾಸ್ತಿ. ನೋವು ಮರಳಿದರೆ ಅದಕ್ಕೆ ಬದಲಾಯಿಸುವುದೆಂದು ಮಾತಾಗಿದೆ.