ಪಾಯದ ಮಣ್ಣಲ್ಲೇ ಎರಡು ಅಂತಸ್ತು

ಮಳೆಗಾಲಗಳು ಕಳೆದವು, ಗೋಡೆ ಕರಗಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಕೆಂಗೇರಿ ಆಚೆ 30×40 ಸೈಟಿನಲ್ಲಿ, ಪಾಯಕ್ಕೂ ಸಂಪಿಗೂ ತೋಡಿದ ಮಣ್ಣಿಗೇ ಸ್ವಲ್ಪ ಸಿಮೆಂಟ್ ಬೆರೆಸಿ, ಮಷೀನಿನಲ್ಲಿ ಒತ್ತಿ ಬ್ಲಾಕ್ ಮಾಡಿ ಮನೆ ಎಬ್ಬಿಸಿದೆವು. ಪಿಲ್ಲರ್ ಇಲ್ಲ, ಹೊರಗೆ ಪ್ಲಾಸ್ಟರ್ ಇಲ್ಲ.

"ಇಷ್ಟು ಓದಿ ಮಣ್ಣಿನ ಮನೆ ಕಟ್ತೀರಾ ಅಳಿಯಂದ್ರೇ?" ಅಂತ ಮಾವ ಕೇಳಿದ್ದರು. ಬ್ಯಾಂಕಿನಿಂದ ಬಂದ ಎಂಜಿನಿಯರ್ "ಪಿಲ್ಲರ್ ಎಲ್ರೀ?" ಅಂದವರು ಸಾಲದ ಫೈಲನ್ನು ಅಲ್ಲಾಡಿಸಲೇ ಇಲ್ಲ. ಭಾರ ಹೊರುವ ಗೋಡೆಯ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿಸಿ ಕೊಟ್ಟ ಮೇಲೆ ದುಡ್ಡು ಬಿಟ್ಟರು. ಅಷ್ಟರಲ್ಲಿ ಕೈಸಾಲದ ಬಡ್ಡಿಗೇ 40 ಸಾವಿರ ಹತ್ತಿರ ಹೋಗಿತ್ತು.

ವಿದ್ಯೆ ಹೊಸದೇನಲ್ಲ. 1974ರಲ್ಲಿ ಐಐಎಸ್‌ಸಿಯಲ್ಲಿ ಶುರುವಾದ ‘ಅಸ್ತ್ರ’ ಅನ್ನೋ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ಆಗಲೇ ಪಳಗಿಸಿಟ್ಟಿದ್ದಾರೆ. ಆದರೆ ನಿಮ್ಮ ಸೈಟಿನ ಮಣ್ಣು ಯಾರ ಮಾತೂ ಕೇಳುವುದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಜಿಗುಟು ಜಾಸ್ತಿ. ಮೊದಲ ಲಾಟು ಮಷೀನಿಂದ ಚೆನ್ನಾಗಿಯೇ ಹೊರಗೆ ಬಂತು. ಒಣಗುತ್ತಿದ್ದಂತೆ ಕೂದಲೆಳೆಯ ಬಿರುಕು ಬಿಟ್ಟಿತು, ಹೆಬ್ಬೆಟ್ಟಿನಲ್ಲಿ ಒತ್ತಿದರೆ ಮೂಲೆ ಪುಡಿಪುಡಿ. ಮೇಸ್ತ್ರಿ "ಸಿಮೆಂಟ್ ಏರಿಸೋಣ ಸಾರ್" ಅಂದ. ನಾನು ಒಪ್ಪಲಿಲ್ಲ. ಸಿಮೆಂಟ್ 7 ಪರ್ಸೆಂಟಿಗೇ ಇಟ್ಟು, ಜಿಗುಟು ತಗ್ಗಲಿ ಅಂತ ಜಲ್ಲಿಪುಡಿ ಏರಿಸುತ್ತಾ ಹೋದೆವು. ಮೂರರಲ್ಲಿ ಒಂದು ಭಾಗ ದಾಟಿದ ಮೇಲೆ ಬ್ಲಾಕ್ ನಿಂತಿತು. ರಾತ್ರಿಯಿಡೀ ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಬೆಳಗ್ಗೆ ಎರಡನ್ನು ತಾಗಿಸಿದರೆ ಠಣ್ ಅನ್ನಬೇಕು. ಅಂದಿತು.

ಆಮೇಲೆ ಇನ್ನೊಂದು ರಗಳೆ. ಬೆಳಗ್ಗೆ ಕಲಸಿದ ಮಾಲನ್ನು ಹುಡುಗರು ಊಟ ಮುಗಿಸಿ ಬಂದು ಒತ್ತಿದ್ದರು. ಅಷ್ಟರಲ್ಲಿ ಸಿಮೆಂಟ್ ಗಟ್ಟಿಯಾಗತೊಡಗಿತ್ತು, ಏಪ್ರಿಲ್ ಬಿಸಿಲು ಬೇರೆ. ಇನ್ನೂರು ಮುನ್ನೂರು ಬ್ಲಾಕ್ ದಂಡ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ ಅಂತ ಕಟ್ಟುನಿಟ್ಟು ಮಾಡಿದ ಮೇಲೆ ಸರಿಹೋಯಿತು.

ಲೆಕ್ಕ ಹೇಳಿಬಿಡುತ್ತೇನೆ. ಆರು ಜನ ಸೇರಿ ದಿನಕ್ಕೆ 400 ಬ್ಲಾಕ್, ಒಟ್ಟು ಒಂಬತ್ತು ಸಾವಿರದ ಆಸುಪಾಸು. ಸಿಮೆಂಟ್, ಪುಡಿ, ಕೂಲಿ ಸೇರಿ ಒಂದಕ್ಕೆ 22 ರೂಪಾಯಿ ಬಿದ್ದಿರಬಹುದು. ಒಂದು ಬ್ಲಾಕ್ ಎರಡು ಇಟ್ಟಿಗೆಯ ಜಾಗ ತುಂಬುತ್ತದೆ, ಹಾಗಾಗಿ ಇಟ್ಟಿಗೆಗಿಂತ ಭಾರೀ ಅಗ್ಗ ಏನಲ್ಲ. ದುಡ್ಡು ಉಳಿದಿದ್ದು ಪ್ಲಾಸ್ಟರ್, ಪೇಂಟ್, ಮಣ್ಣು ಸಾಗಿಸುವ ಲಾರಿ ಬಾಡಿಗೆಯಲ್ಲಿ. ಯಾರೂ ಹೇಳದ ಖರ್ಚು ಕ್ಯೂರಿಂಗಿನದು, ಅಂದರೆ ಬ್ಲಾಕನ್ನು ಒದ್ದೆಯಾಗಿಟ್ಟು ಗಟ್ಟಿ ಮಾಡೋದರದು. ಪಕ್ಕದ ಖಾಲಿ ಸೈಟನ್ನು ಬಾಡಿಗೆಗೆ ಹಿಡಿದು, ಗೋಣಿಚೀಲ ಹೊದಿಸಿ, ನಾಲ್ಕು ವಾರ ಟ್ಯಾಂಕರ್ ನೀರು ಹೊಡೆದೆವು. ಜೇಬಿಗೆ ಚುರುಕು ಮುಟ್ಟಿತು. ಕೊನೆಗೆ ಇಡೀ ಮನೆಯ ಖರ್ಚು ಚದರಡಿಗೆ 1900 ರೂಪಾಯಿ ಹತ್ತಿರ ನಿಂತಿತು. ಕಂಟ್ರಾಕ್ಟರುಗಳು 2300 ಕೇಳಿದ್ದರು.

ಸೂರು ಫಿಲ್ಲರ್ ಸ್ಲ್ಯಾಬ್, ಅಂದರೆ ಒಂದಷ್ಟು ಕಾಂಕ್ರೀಟಿನ ಜಾಗವನ್ನು ಹೆಂಚಿನಿಂದ ತುಂಬಿದ್ದು. ಹಳೇ ಮಂಗಳೂರು ಹೆಂಚನ್ನು ಕಂಬಿಗಳ ನಡುವೆ ಜೋಡಿ ಜೋಡಿಯಾಗಿ ಇಟ್ಟಿದ್ದು. ನೆನೆಸದೆ ಇಟ್ಟರೆ ಹೆಂಚು ಕಾಂಕ್ರೀಟಿನ ನೀರನ್ನೆಲ್ಲ ಕುಡಿದುಬಿಡುತ್ತೆ, ಗೊತ್ತಲ್ಲ. ಇದರ ಜೊತೆ ಸುಮ್ನೆ ಒಂದು ಕಪಿಚೇಷ್ಟೆ ಮಾಡಿದೆ: ನೆಲದಡಿ ಪೈಪ್ ಹಾಕಿ ಹಾಲ್‌ಗೆ ತಣ್ಣನೆ ಗಾಳಿ ತರಿಸೋದು. ಗಾಳಿ ಬಂತು, ಜೊತೆಗೆ ಮುಗ್ಗಲು ವಾಸನೆಯೂ ಬಂತು. ಹೆಂಡತಿ ಬಾಯಿಗೆ ಬಟ್ಟೆ ತುರುಕಿ ಮುಚ್ಚಿಸಿದಳು. ನನ್ನ ಬಾಯಿಗಲ್ಲ, ಪೈಪಿನ ಬಾಯಿಗೆ. ಮೇಲ್ಗಡೆ ಟೆರೇಸಿಗೆ ಒಡೆದ ಬಿಳಿ ಟೈಲ್ಸ್ ಚೂರು ಹಾಸಿದ್ದೇ ಹೆಚ್ಚು ಕೆಲಸಕ್ಕೆ ಬಂತು. ಮೇ ತಿಂಗಳಲ್ಲೂ ಬರಿಗಾಲಲ್ಲಿ ಹಪ್ಪಳ ಒಣಹಾಕಬಹುದು.

ಸೂರಿನ ಮಳೆನೀರನ್ನೂ ಹಿಡಿಯುತ್ತೇವೆ. ಬೆಂಗಳೂರಿನ ಮಳೆ ವರ್ಷಕ್ಕೆ 970 ಮಿಲಿಮೀಟರ್ ಹತ್ತಿರ. ನಮ್ಮ 900 ಚದರಡಿ ಸೂರಿನಿಂದ ಸೋರಿಕೆ ಕಳೆದು 65 ಸಾವಿರ ಲೀಟರ್ ಸಿಗಬೇಕು. ಸಂಪು ಹಿಡಿಯೋದು 10 ಸಾವಿರ, ಮಿಕ್ಕಿದ್ದು ಇಂಗುಗುಂಡಿಗೆ.

ಹೊರಗೋಡೆಗೆ ಏನು ಬಳಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಸುಣ್ಣ ಇದೆ, ಬಿಳಿ ಸಿಮೆಂಟ್ ಇದೆ. ಮೂರನೆಯದು ಅಡುಗೆಮನೆಯಲ್ಲಿ ಸಿಗುವ ವಸ್ತು. ಅದರ ಹೆಸರು ಈಗಲೇ ಹೇಳೋದಿಲ್ಲ. ಪಡುವಣ ಗೋಡೆಗೆ ಅದನ್ನು ಬಳಿಯದೆ ಬಿಟ್ಟಿದ್ದೇನೆ. ಈ ಮಳೆಗಾಲ ಮುಗಿದ ಮೇಲೆ ಬಂದು ಬಳಿದ ಗೋಡೆ, ಬಳಿಯದ ಗೋಡೆ ಎರಡನ್ನೂ ಕೆರೆದು ನೋಡಿ.