ಕಾಫಿ ಕಣದಿಂದ ಬೋರ್ಡ್ ಗೇಮ್: ನಿಮ್ಮದೇ ಆಟ ಕಟ್ಟುವುದು ಹೇಗೆ?

ಬೋರ್ಡ್ ಗೇಮ್ ಮಾಡಲು ಹೊರಟ ಅನೇಕರು ಮೊದಲು ಹೆಸರು ಇಡುತ್ತಾರೆ. ಆಮೇಲೆ ಡಬ್ಬಿಯ ಮೇಲಿನ ಚಿತ್ರ ಬರೆಯುತ್ತಾರೆ. ಆಟ ಅಲ್ಲಿಗೇ ನಿಂತುಬಿಡುತ್ತದೆ. ಶುರು ಮಾಡಬೇಕಾದದ್ದು ಒಂದು ಕಷ್ಟದ ಆಯ್ಕೆಯಿಂದ. ಇದನ್ನು ಮಾಡಲೋ, ಅದನ್ನು ಮಾಡಲೋ ಅಂತ ಆಡುವವರು ತಲೆ ಕೆರೆದುಕೊಳ್ಳಬೇಕು.

ಕೊಡಗಿನಲ್ಲಿ ಇಂಥ ಆಯ್ಕೆಗಳಿಗೆ ಬರವಿಲ್ಲ. ಕೊಯ್ಲಿನ ಸಮಯದಲ್ಲಿ ಯಾವ ಕಾಫಿ ಬೆಳೆಗಾರರನ್ನು ಬೇಕಾದರೂ ಕೇಳಿ. ಹಸಿ ಹಣ್ಣನ್ನು ಈಗಲೇ ಮಾರಿದರೆ ಕಡಿಮೆ ಸಿಕ್ಕರೂ ಕೈಗೆ ದುಡ್ಡು ಬರುತ್ತದೆ. ಕಣದಲ್ಲಿ ಒಣಗಿಸಿದರೆ ಜಾಸ್ತಿ ಬೆಲೆ, ಆದರೆ ನಡುವೆ ಅಕಾಲ ಮಳೆ ಬಂದರೆ ಬೂಷ್ಟು. ಇದೇ ಒಂದು ಆಟ, ಅಲ್ವಾ?

ಈಗ ಅದನ್ನು ಕಾಗದಕ್ಕೆ ಇಳಿಸೋಣ. 20 ಚೀಟಿ ಕತ್ತರಿಸಿ. 14ರ ಮೇಲೆ ‘ಬಿಸಿಲು’, 6ರ ಮೇಲೆ ‘ಮಳೆ’ ಅಂತ ಬರೆಯಿರಿ. ಚೀಟಿ ಕಲಸಿ ಕವುಚಿ ಇಡಿ. ಪ್ರತಿ ಸುತ್ತಿನಲ್ಲಿ ಎಲ್ಲರಿಗೂ ಒಂದೊಂದು ಚೀಲ ಹಣ್ಣು. ಅದನ್ನು ಆಗಲೇ 2 ರೂಪಾಯಿಗೆ ಮಾರಬಹುದು, ಇಲ್ಲವೇ ಕಣಕ್ಕೆ ಹಾಕಬಹುದು. ಆಮೇಲೆ ಒಂದು ಚೀಟಿ ತೆರೆಯಿರಿ, ಅದು ಎಲ್ಲರಿಗೂ ಅನ್ವಯ. ಕಣದ ಹಣ್ಣಿಗೆ ಸತತ ಮೂರು ಬಿಸಿಲು ಸಿಕ್ಕರೆ 4 ರೂಪಾಯಿ. ನಡುವೆ ಮಳೆ ಬಿದ್ದರೆ 1 ರೂಪಾಯಿಗೇ ತೃಪ್ತಿ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇನ್ನೂ ತೆರೆಯದ ಚೀಟಿ ಕಟ್ಟಿನಲ್ಲಿ ಸತತ ಮೂರು ಬಿಸಿಲು ಬರುವ ಸಾಧ್ಯತೆ ನೂರಕ್ಕೆ ಸುಮಾರು 32. ಹಾಗಾಗಿ 100 ಚೀಲ ಒಣಗಿಸಿದರೆ 32 ಚೀಲಕ್ಕೆ ನಾಲ್ಕರಂತೆ, 68 ಚೀಲಕ್ಕೆ ಒಂದರಂತೆ, ಒಟ್ಟು 196 ರೂಪಾಯಿ. ಹಸಿಯಾಗಿ ಮಾರಿದರೆ 200. ಹೆಚ್ಚುಕಡಿಮೆ ಸಮ! ಆಯ್ಕೆ ಕಷ್ಟವಾಗುವುದೇ ಇಂಥಲ್ಲಿ. ಮಳೆ ಚೀಟಿ ಆರರ ಬದಲು ನಾಲ್ಕಿದ್ದು ಬಿಸಿಲು 16 ಆದರೆ ಒಣಗಿಸಿದವರಿಗೆ ಸುಮಾರು 247 ಸಿಗುತ್ತದೆ. ಆಗ ಎಲ್ಲರೂ ಕಣ್ಣು ಮುಚ್ಚಿ ಒಣಗಿಸುತ್ತಾರೆ, ಆಟ ಸತ್ತ ಹಾಗೆ.

ಇನ್ನೊಂದು ಖುಷಿಯ ವಿಷಯ ಉಂಟು. ತೆರೆದ ಚೀಟಿ ಕಟ್ಟಿಗೆ ವಾಪಸ್ ಹೋಗುವುದಿಲ್ಲ. ಮೊದಲ 5 ಚೀಟಿಯಲ್ಲೇ 3 ಮಳೆ ಮುಗಿದಿದ್ದರೆ ಉಳಿದ 15ರಲ್ಲಿ ಮಳೆ ಮೂರೇ. ಆಗ ಒಣಗಿಸುವುದೇ ಲಾಭ. ಇದನ್ನು ನೆನಪಿಟ್ಟವರು ಗೆಲ್ಲುತ್ತಾರೆ. ಅದೃಷ್ಟದ ಒಳಗೆ ಜಾಣತನಕ್ಕೆ ಜಾಗ ಸಿಗುವುದು ಹೀಗೆ. ನಮ್ಮ ಚೌಕಾಬಾರದಲ್ಲೂ ಕವಡೆ ಬೀಳುವುದು ಅದೃಷ್ಟ, ಯಾವ ಕಾಯಿ ನಡೆಸಬೇಕು ಅನ್ನುವುದು ಜಾಣತನ. ಚೆನ್ನೆಮಣೆಯಲ್ಲಿ ಅದೃಷ್ಟವೇ ಇಲ್ಲ, ಎಲ್ಲ ಲೆಕ್ಕವೇ. ನಿಮ್ಮದನ್ನು ಕಟ್ಟುವ ಮೊದಲು ಇವೆರಡನ್ನೂ ಒಮ್ಮೆ ಆಡಿ, ಯಾವ ಗಳಿಗೆಯಲ್ಲಿ ಯೋಚನೆ ಬೇಕಾಯಿತು ಅಂತ ಗಮನಿಸಿ.

ಸಾಮಾನಿಗೆ ದುಡ್ಡು ಹಾಕಬೇಡಿ. ಹಳೇ ಮದುವೆ ಕಾಗದಗಳೇ ಗಟ್ಟಿ ರಟ್ಟು. ಕಾಫಿ ಬೀಜ, ಹುಣಸೆ ಬೀಜ, ಕರಿಮೆಣಸು ಕಾಯಿಗಳಾಗುತ್ತವೆ. ಪೆನ್ಸಿಲಿನಲ್ಲೇ ಬರೆಯಿರಿ. ನಿಯಮ ದಿನಕ್ಕೊಮ್ಮೆ ಬದಲಾಗುತ್ತದೆ, ಮಳೆಗಾಲದ ತೇವಕ್ಕೆ ಇಂಕು ಹರಡುತ್ತದೆ.

ಮೊದಲು ಒಬ್ಬರೇ ಇಬ್ಬರ ಪರವಾಗಿ ಆಡಿ. ದೊಡ್ಡ ತೊಡಕು ಅಲ್ಲೇ ಕಾಣುತ್ತದೆ. ಆಮೇಲೆ ಮನೆಯವರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟು ಹೋಗಿ ಫೋನೂ ಸತ್ತಿರುವಾಗ ಆಡುವವರಿಗೆ ಬರವೇ ಇರುವುದಿಲ್ಲ! ಜರ್ಮನಿಯ ಕ್ಲೌಸ್ ಟಾಯ್ಬರ್ ಹಲ್ಲಿನ ಸೆಟ್ ತಯಾರಿಸುವ ಕೆಲಸದ ನಡುವೆ ಹವ್ಯಾಸಕ್ಕಾಗಿ ಆಟ ಕಟ್ಟುತ್ತಿದ್ದರು. ಮನೆಯವರ ಜೊತೆ ಆಡಿ ಆಡಿಯೇ ತಿದ್ದುತ್ತಿದ್ದರು. 1995ರಲ್ಲಿ ಹೊರಬಂದ ಅವರ ‘ಕಟಾನ್’ ಈಗ ಜಗತ್ತಿನಾದ್ಯಂತ ನಡೆಯುತ್ತಿದೆ.

ಆಡಿದವರನ್ನು ‘ಹೇಗಿತ್ತು?’ ಅಂತ ಕೇಳಬೇಡಿ. ನಮ್ಮವರು ‘ಲಾಯ್ಕ ಉಂಟು’ ಅಂತಾರೆ, ಮುಗಿಯಿತು. ‘ಯಾವಾಗ ಬೇಜಾರಾಯ್ತು?’, ‘ಯಾವಾಗ ಮಾಡಲು ಏನೂ ಇರಲಿಲ್ಲ?’ ಅಂತ ಕೇಳಿ. ಬಾಯಿಗಿಂತ ಕೈ ನೋಡಿ. ಯಾರಾದರೂ ಕಿಟಕಿಯ ಕಡೆ ತಿರುಗಿದರೆ ಆ ಸುತ್ತಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬೆಲೆ, ಚೀಟಿ ಎರಡನ್ನೂ ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಕೊನೆಯ ಪರೀಕ್ಷೆಯೇ ಕಷ್ಟದ್ದು. ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು, ಆಟ ಗೊತ್ತೇ ಇಲ್ಲದವರ ಕೈಗೆ ಕೊಡಿ. ಪಕ್ಕದಲ್ಲಿ ಸುಮ್ನೆ ಕೂರಿ. ತಪ್ಪು ಆಡಿದರೂ ಬಾಯಿ ತೆರೆಯಬೇಡಿ. ಅವರು ಎಡವಿದ ಪ್ರತಿ ಜಾಗವೂ ನಿಮ್ಮ ಬರವಣಿಗೆಯಲ್ಲಿ ತಿದ್ದಬೇಕಾದ ಸಾಲು.

ಅದು ದಾಟಿದ ಮೇಲಷ್ಟೇ ಪ್ರಿಂಟಿನ ಯೋಚನೆ. ಬೋರ್ಡನ್ನು ಫ್ಲೆಕ್ಸಿನಲ್ಲಿ ಹಾಕಿಸಿ. ರಟ್ಟಿನ ಹಾಗೆ ತೇವಕ್ಕೆ ಉಬ್ಬುವುದಿಲ್ಲ, ಸುತ್ತಿ ಇಡಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮೊದಲ ಸಲ ಎರಡೇ ಪ್ರತಿ ಸಾಕು. ಒಂದು ಮನೆಯಲ್ಲಿರಲಿ, ಇನ್ನೊಂದನ್ನು ಹತ್ತಿರದ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ.