ಬ್ಯಾಂಕಾಕ್‌ನ ಮಾಲ್‌ನಲ್ಲಿ ಒಂದು ಮಧ್ಯಾಹ್ನ

ಬ್ಯಾಂಕಾಕ್‌ಗೆ ಹೋದ ಎರಡನೇ ದಿನವೇ ನಾನು ಮತ್ತು ನನ್ನ ತಂಗಿ ಟರ್ಮಿನಲ್ 21 ಮಾಲ್‌ಗೆ ಹೋದೆವು. ದೇವಸ್ಥಾನಗಳನ್ನು ಬಿಟ್ಟು ಮೊದಲು ಮಾಲಾ ಅಂತ ಅವಳು ಮುಖ ಮಾಡಿದಳು. ಆದರೆ ಅಲ್ಲಿನ ಆಫೀಸ್ ಜನ ಮಧ್ಯಾಹ್ನ ಎಲ್ಲಿ ಏನು ಉಣ್ಣುತ್ತಾರೆ ಅಂತ ನೋಡುವ ಆಸೆ ನನಗೆ. ಹೊರಗೆ ಬಿಸಿಲೂ ಜೋರಿತ್ತು.

ಬಿಟಿಎಸ್ ಅನ್ನುವ ಮೇಲ್ಸೇತುವೆ ರೈಲಿನ ಅಸೋಕ್ ಸ್ಟೇಷನ್‌ನಿಂದ ಮೇಲುಸೇತುವೆ ದಾಟಿದರೆ ನೇರ ಮಾಲ್ ಒಳಗೇ ಹೋಗಬಹುದು. ಎಡವಿದ್ದು ಇಲ್ಲೇ. ಒಳಗೆ ಬಂದ ಮಹಡಿಯನ್ನೇ ಗ್ರೌಂಡ್ ಫ್ಲೋರ್ ಅಂದುಕೊಂಡೆ. ಅದು ಎಂ ಮಹಡಿ, ಜಿ ಇರುವುದು ಅದರ ಕೆಳಗೆ. ಅರ್ಧ ಗಂಟೆ ಬಿಟ್ಟು ಗ್ರೌಂಡ್ ಫ್ಲೋರ್‌ನಲ್ಲಿ ಸಿಗೋಣ ಅಂತ ಇಬ್ಬರೂ ಬೇರೆ ಬೇರೆ ಹೋದೆವು, ತಂಗಿ ಬೋರ್ಡ್ ನೋಡಿಕೊಂಡು ಸರಿಯಾಗಿ ಜಿಗೆ ಇಳಿದಳು, ನಾನು ಎಂನಲ್ಲೇ ನಿಂತಿದ್ದೆ. ಅಲ್ಲಿನ ಸಿಮ್ ಇನ್ನೂ ತಗೊಂಡಿರಲಿಲ್ಲ, ಅವಳು ಕಾಣುವವರೆಗೂ ಜೀವ ಬಾಯಿಗೆ ಬಂದಿತ್ತು. ಆ ಮಾಲ್‌ನಲ್ಲಿ ಒಂದೊಂದು ಮಹಡಿಗೂ ಒಂದೊಂದು ಊರಿನ ವೇಷ: ಜಿ ಅಂದ್ರೆ ರೋಮ್, ಎಂ ಪ್ಯಾರಿಸ್, 1 ಟೋಕಿಯೊ, 2 ಲಂಡನ್. ಆಮೇಲೆ ನಾವು ನಂಬರ್ ಬಿಟ್ಟು 'ಲಂಡನ್‌ನ ಕೆಂಪು ಬಸ್ ಹತ್ತಿರ' ಅಂತಲೇ ಹೇಳಿಕೊಂಡೆವು.

ಊಟಕ್ಕೆ 5ನೇ ಮಹಡಿಯ ಪಿಯರ್ 21 ಅನ್ನುವ ಫುಡ್ ಕೋರ್ಟ್. ಕೈಯಲ್ಲಿ ನೋಟು ಹಿಡಿದು ಒಂದು ಅಂಗಡಿ ಮುಂದೆ ನಿಂತೆ. ಒಳಗಿದ್ದ ಅಕ್ಕ ತಲೆ ಅಲ್ಲಾಡಿಸಿ, ಸೌಟು ಹಿಡಿದ ಕೈಯಲ್ಲೇ ದೂರದ ಕೌಂಟರ್ ತೋರಿಸಿದರು. ಅಲ್ಲಿ ದುಡ್ಡು ಕೊಟ್ಟರೆ ಒಂದು ಕಾರ್ಡ್‌ಗೆ ತುಂಬಿ ಕೊಡುತ್ತಾರೆ, ಪ್ರತಿ ಅಂಗಡಿಯಲ್ಲೂ ಅದನ್ನೇ ಕೊಡಬೇಕು. ಸಸ್ಯಾಹಾರಿಗಳು ಹಳದಿ ಹಿನ್ನೆಲೆಯಲ್ಲಿ ಕೆಂಪು ಥಾಯ್ ಅಕ್ಷರದ ಗುರುತು ಹುಡುಕಿ. ಅದನ್ನು 'ಜೇ' ಅನ್ನುತ್ತಾರೆ. ಮಾಂಸ, ಮೀನು, ಮೊಟ್ಟೆ ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಸುಮ್ನೆ 'ವೆಜ್' ಅಂದರೆ ಮೀನಿನ ಸಾಸ್ ಬಿದ್ದಿರಬಹುದು, ಅದಕ್ಕೇ ಈ ಒಂದು ಪದ ಕಲಿತು ಹೋಗುವುದು ಒಳ್ಳೇದು.

ಬಟ್ಟೆ ಅಂಗಡಿಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ, ಕಣ್ಣಿಗೆ ಬಿದ್ದದ್ದೆಲ್ಲ ಬೇಕು ಅನ್ನಿಸುತ್ತದೆ ಅಷ್ಟೇ. ಆದರೆ ದೊಡ್ಡ ಖರೀದಿ ಇದ್ದರೆ ಪಾಸ್‌ಪೋರ್ಟ್ ಜೊತೆಗಿರಲಿ. ಥಾಯ್ಲೆಂಡ್‌ನಲ್ಲಿ ವ್ಯಾಟ್ 7%. ಪ್ರವಾಸಿಗರಿಗೆ ವ್ಯಾಟ್ ವಾಪಸ್ ಅನ್ನುವ ಬೋರ್ಡ್ ಇರುವ ಅಂಗಡಿಯಲ್ಲಿ ಒಂದೇ ದಿನ 2000 ಬಾತ್ ಅಥವಾ ಜಾಸ್ತಿ ಕೊಂಡರೆ, 60 ದಿನದೊಳಗೆ ವಿಮಾನದಲ್ಲಿ ದೇಶ ಬಿಡುವಾಗ ಆ ತೆರಿಗೆ ವಾಪಸ್ ಕೇಳಬಹುದು. ಫಾರ್ಮ್ ಮಾತ್ರ ಕೊಂಡ ದಿನವೇ ಅಂಗಡಿಯಲ್ಲಿ ಬರೆಸಿಕೊಳ್ಳಬೇಕು. ನನ್ನ ಪಾಸ್‌ಪೋರ್ಟ್ ಹೋಟೆಲ್‌ನಲ್ಲಿತ್ತು. ತಂಗಿ ತನ್ನದನ್ನು ಬ್ಯಾಗ್‌ನಲ್ಲಿ ಇಟ್ಟುಕೊಂಡು ಬಂದಿದ್ದಳು, ಹಾಗಾಗಿ ಸೂಟ್‌ಕೇಸನ್ನು ಅವಳ ಹೆಸರಲ್ಲೇ ಕೊಂಡೆವು.

ಹೊರಡುವ ಮೊದಲು ಮತ್ತೆ 5ನೇ ಮಹಡಿಗೆ ಹತ್ತಿದೆವು. ಕಾರ್ಡ್‌ನಲ್ಲಿ ಉಳಿದಿದ್ದ ದುಡ್ಡನ್ನು ಕೌಂಟರ್‌ನಲ್ಲಿ ನಾಣ್ಯ ಸಮೇತ ಎಣಿಸಿ ವಾಪಸ್ ಕೊಟ್ಟರು.